ಬಾಗಿಲು ತಟ್ಟಿ ಬನ್ನಿ

ನಮ್ಮೂರಲ್ಲಿ ಬಾಗಿಲು ತಟ್ಟುವುದು ಸರಕಾರಿ ಕೆಲಸ. ಪೊಲೀಸರು ತಟ್ಟುತ್ತಾರೆ, ವಸತಿ ಕಚೇರಿಯವರು ತಟ್ಟುತ್ತಾರೆ, ದಕ್ಷಿಣದಿಂದ ಹೊಸದಾಗಿ ಬಂದ ಮೇಷ್ಟ್ರುಗಳು ಮೊದಲ ಚಳಿಗಾಲ ಮುಗಿಯುವವರೆಗೆ ತಟ್ಟಿ ಆಮೇಲೆ ಬಿಟ್ಟುಬಿಡುತ್ತಾರೆ. ಉಳಿದ ನಾವೆಲ್ಲ ಬಾಗಿಲು ತಳ್ಳಿ ಒಳಗೆ ಹೋಗುತ್ತೇವೆ, ಬೂಟು ಬಿಚ್ಚುತ್ತೇವೆ, ಕೆಟಲ್ ಬಿಸಿಯಿದೆಯೇ ಎಂದು ಮುಟ್ಟಿ ನೋಡುತ್ತೇವೆ. ಮನೆಯವರು ಮಾತಾಡಿದರೆ ಮಾತು, ಇಲ್ಲದಿದ್ದರೆ ಚಹಾ ಕುಡಿದು ಎದ್ದು ಬರುತ್ತೇವೆ. ಉಗುಳಿದ್ದು ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವ ಚಳಿಯಲ್ಲಿ ಒಬ್ಬ ಮನುಷ್ಯನನ್ನು ಹೊರಗೆ ನಿಲ್ಲಿಸಿ ‘ಯಾರು?’ ಎಂದು ಕೇಳುವುದು ಸಭ್ಯತೆ ಎಂಬುದು ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲ.

ಹೀಗಾಗಿ ಬಾಗಿಲು ತಟ್ಟಿದ ಸದ್ದು ಕೇಳಿದರೆ ನಾವು ಮಾಡುವುದೂ ಒಂದೇ. ಟಿವಿ ಆರಿಸುತ್ತೇವೆ, ಮಕ್ಕಳ ಬಾಯಿ ಮುಚ್ಚುತ್ತೇವೆ, ತಟ್ಟಿದವರು ಹೋಗುವ ತನಕ ಮನೆಯಲ್ಲಿ ಇಲ್ಲದವರಾಗುತ್ತೇವೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮಗು ನಡೆಯುವುದನ್ನು ಕಲಿಯುತ್ತದಲ್ಲ, ಹಾಗೆ ಬರುತ್ತದೆ.

ಉತ್ತರ ಧ್ರುವದ ಅಂಚಿನ ಇಂಥ ನುವುಟಾಕ್ ಊರಿನಲ್ಲಿ ನನ್ನ ಭಾವ ಜೇಪೂಟಿಗೆ ತನ್ನ ಬಾಗಿಲು ತಟ್ಟಿಸಿಕೊಳ್ಳುವ ಆಸೆ ಹುಟ್ಟಿತು.

ಜೇಪೂಟಿ ಮನೆಮನೆಯ ಕೊಳಚೆ ಟ್ಯಾಂಕು ಖಾಲಿ ಮಾಡುವ ಊರಿನ ಟ್ರಕ್ಕು ಓಡಿಸುತ್ತಾನೆ. ಒಳ್ಳೆಯವನು. ಒಮ್ಮೆ ಬೇಟೆಗೆ ಹೋಗಿ, ಬಂದೂಕು ಮನೆಯಲ್ಲೇ ಮರೆತದ್ದು ಮಂಜುಗಡ್ಡೆಯ ಮೇಲೆ ನೆನಪಾಗಿ, ತರಲೆಂದು ವಾಪಸು ಬಂದು, ಊಟ ಮಾಡಿ ಮಲಗಿದವನು. ನನ್ನ ಅಕ್ಕ ಊಲೂಟಿ ಮದುವೆಯಾದ ಮೇಲೆ ಅವನ ಜೊತೆ ಅವನ ತಂಗಿ ಲೀಟಿಯಾಳ ಎರಡು ಕೋಣೆಯ ಮನೆಯಲ್ಲಿ ಇದ್ದಳು. ಆ ಮನೆಯಲ್ಲಿ ಹನ್ನೊಂದು ಜನ. ಪಾಳಿಯಲ್ಲಿ ಮಲಗುತ್ತಿದ್ದರು. ಬಚ್ಚಲಿಗೆ ಹೋದರೂ ಅಲ್ಲಿ ಯಾರೋ ಒಬ್ಬರು ತಲೆ ಬಾಚಿಕೊಳ್ಳುತ್ತಿದ್ದರು.

ಹೋದ ಶರತ್ಕಾಲದಲ್ಲಿ ಜೇಪೂಟಿಯನ್ನು ಹರ್ನಿಯಾ ಆಪರೇಶನ್ನಿಗೆ ವಿಮಾನದಲ್ಲಿ ದಕ್ಷಿಣಕ್ಕೆ ಕಳಿಸಿದರು. ಅಲ್ಲಿ ರೋಗಿಗಳನ್ನು ಇಳಿಸುವ ಹಾಸ್ಟೆಲ್ಲಿನಲ್ಲಿ ಅವನಿಗೆಂದೇ ಒಂದು ಕೋಣೆ ಕೊಟ್ಟರು. ಬೆಳಿಗ್ಗೆ ಕಸ ಗುಡಿಸುವ ಹೆಂಗಸು ಬಂದು ಬಾಗಿಲು ತಟ್ಟಿ, ಅಲ್ಲೇ ನಿಂತು ಕಾದಳು. ಮೊದಲ ದಿನ ಭಾವ ಮಂಚದ ಕೆಳಗೆ ಹೋದನಂತೆ. ಎರಡನೆಯ ದಿನ, ಗಾಯ ಎಳೆದದ್ದರಿಂದ ಹೋಗಲಾಗದೆ, ‘ಬನ್ನಿ’ ಎಂದ. ಅವಳು ಬಂದಳು.

ಊರಿಗೆ ಬಂದು ಇದನ್ನೇ ಎಲ್ಲರ ಮುಂದೆ ಹೇಳಿದ. "ಬನ್ನಿ ಅಂದೆ, ಬಂದ್ಲು ಕಣ್ರೋ. ಬೇಡ ಅಂದಿದ್ರೆ ಬರ್ತಿರ್ಲಿಲ್ಲ."

"ಬೇಡ ಅಂದ್ಯಾ?" ಎಂದು ಕೇಳಿದ ನೀರಿನ ಟ್ರಕ್ಕಿನ ಕುಬ್ಲು.

"ಬೇಡ ಯಾಕನ್ಲಿ? ಕಸ ಇತ್ತು."

ಆಪರೇಶನ್ನಿನಲ್ಲಿ ಹೊಟ್ಟೆಯೊಳಗಿಂದ ಏನು ಹೊರಗೆ ಹೋಯಿತೋ ಗೊತ್ತಿಲ್ಲ, ಇದೊಂದು ಒಳಗೆ ಸೇರಿತು.

ವಸಂತ ಬಂದು ಸೂರ್ಯ ಮುಳುಗುವುದನ್ನು ತಡಮಾಡತೊಡಗಿದಾಗ ವಸತಿ ಕಚೇರಿಯ ಪಟ್ಟಿಯಲ್ಲಿ ಅವನ ಸರದಿ ಬಂದು ಹೊಸ ಮನೆ ಸಿಕ್ಕಿತು. ಮೂರು ಮಲಗುವ ಕೋಣೆ, ಅಂಟು ವಾಸನೆಯ ಹೊಸ ನೆಲ, ಹೊರಗೆ ಎಲ್ಲ ಮನೆಗಳಿಗಿರುವಂತೆ ಮಾಂಸ ಮತ್ತು ಟೊಪ್ಪಿಗೆಯ ಪಾರ್ಕಾ ಕೋಟುಗಳನ್ನಿಡುವ ತಣ್ಣನೆಯ ಮುಂಗೋಣೆ. ಕೀಲಿಕೈ ಕೊಟ್ಟದ್ದು ವಸತಿ ಕಚೇರಿಯ ಡೆಸ್ಮಂಡ್. ದಕ್ಷಿಣದವರು, ಬಂದು ಒಂದು ಚಳಿಗಾಲವಾಗಿತ್ತು, ಇನ್ನೂ ತಟ್ಟುತ್ತಿದ್ದರು. ಊರ ರೇಡಿಯೋ ನಡೆಸುವುದು, ಕಚೇರಿಯವರ ಭಾಷೆಗೂ ನಮ್ಮ ಭಾಷೆಗೂ ನಡುವೆ ಮಾತು ದಾಟಿಸುವುದು ಎರಡೂ ನನ್ನ ಕೆಲಸವಾದ್ದರಿಂದ ಅವರ ಷರತ್ತನ್ನು ನಾನೇ ದಾಟಿಸಿದೆ. ಮೂರು ಕೋಣೆ ಕೊಟ್ಟದ್ದು ಜೇಪೂಟಿಯ ತಾಯಿ ಪನ್ನಿಪಾಕ್ ಜೊತೆಗಿರುತ್ತಾಳೆಂಬ ಲೆಕ್ಕದಲ್ಲಿ. ತಿಂಗಳ ಕೊನೆಗೆ ತಾವು ಬಂದು ನೋಡುತ್ತಾರೆ. ಆಕೆ ಆ ಮನೆಯಲ್ಲಿ ಇಲ್ಲದಿದ್ದರೆ ಮನೆ ಸರದಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ, ಇವರು ಮತ್ತೆ ಲೀಟಿಯಾಳ ಮನೆಯ ಪಾಳಿಗೆ.

"ಅಮ್ಮ ಬರದೆ ಎಲ್ಲಿ ಹೋಗ್ತಾಳೆ?" ಎಂದ ಭಾವ. "ಅಲ್ಲಿ ಸೋಫಾ ಮೇಲೆ ಮಲಗ್ತಾಳೆ. ಇಲ್ಲಿ ಕೋಣೆ ಇದೆ."

ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮನೆ ಕಟ್ಟಿದ ಬಡಗಿಯೊಬ್ಬ ಹೋಗುವಾಗ ಬಳಸದೆ ಉಳಿದ ಒಂದು ಕರೆಗಂಟೆಯನ್ನು ಅವನ ಕೈಗೆ ಕೊಟ್ಟ. ಒತ್ತಿದರೆ ಯಾವುದೋ ಹಕ್ಕಿ ಕೂಗುತ್ತದೆ ಎಂದಿದ್ದ. ಭಾವ ಅದನ್ನು ಮುಂಗೋಣೆಯೊಳಗಿನ ಬಾಗಿಲಿಗೆ ಹಾಕಿದ. ಬ್ಯಾಟರಿ ಚಳಿಗೆ ಅರ್ಧ ಸತ್ತು, ಅದು ಗಂಟಲು ಕಟ್ಟಿದ ಕಾಗೆಯಂತೆ ಒಂದೇ ಒಂದು ಸಲ ‘ಕ್ರಾ’ ಎನ್ನುತ್ತಿತ್ತು.

ಮರುದಿನ ಮಧ್ಯಾಹ್ನ ರೇಡಿಯೋದ ಕೋಣೆಗೆ ಬಂದು ಮೈಕು ಕೇಳಿದ. ಊರಿನವರೆಲ್ಲ ಕೇಳುವ ಹೊತ್ತು ಅದು. ಕಳೆದುಹೋದ ಕೈಗವಸು, ಹುಟ್ಟುಹಬ್ಬ, ಯಾರ ಮನೆಯಲ್ಲಿ ಸೀಲ್ ಪ್ರಾಣಿ ಕೊಯ್ದಿದ್ದಾರೆ ಬಂದು ತಿನ್ನಿ, ಎಲ್ಲವೂ ಆಗ ಬರುತ್ತದೆ. ಭಾವ ಗಂಟಲು ಸರಿಮಾಡಿಕೊಂಡು ಹೇಳಿದ:

"ನಾನು ಜೇಪೂಟಿ. ನಮಗೆ ಹೊಸ ಮನೆ ಆಗಿದೆ. ಎಲ್ಲರೂ ಬನ್ನಿ. ಯಾರೇ ಆಗಲಿ, ಬಾಗಿಲು ತಟ್ಟಿ ಬನ್ನಿ. ಗಂಟೆ ಇದೆ, ಒತ್ತಬಹುದು. ನಾನು ಬನ್ನಿ ಅಂದ ಮೇಲೆ ಬನ್ನಿ. ಇಷ್ಟೇ."

ಮೈಕು ಕೆಳಗಿಡುವ ಮೊದಲೇ ಫೋನು ಹೊಡೆದುಕೊಂಡಿತು. ಮುದುಕ ಅಕುಮಲಿಕ್.

"ಒಂದು ಸಂಶಯ," ಎಂದ. "ಕೈಗವಸು ಹಾಕ್ಕೊಂಡು ತಟ್ಟಿದ್ರೆ ಒಳಗೆ ಕೇಳ್ಸಲ್ಲ. ತೆಗೆದು ತಟ್ಟಿದ್ರೆ ಬೆರಳು ಹೋಗುತ್ತೆ. ಯಾವುದು ಮಾಡಲಿ?"

"ಗಂಟೆ ಒತ್ತು, ಮಾವ."

"ಅದರಲ್ಲಿ ಹಕ್ಕಿ ಕೂಗುತ್ತಂತಲ್ಲ. ತಿನ್ನೋ ಹಕ್ಕೀನಾ?"

ಎರಡನೆಯ ಕರೆ ಒಬ್ಬ ಹೆಂಗಸಿನದು. ಹೆಸರು ಹೇಳಲಿಲ್ಲ, ದನಿ ಊರಿಗೆಲ್ಲ ಗೊತ್ತು. "ಅವರ ಮನೇಲಿ ಯಾರಿಗಾದ್ರೂ ಕೆಮ್ಮಾ? ಇದ್ರೆ ಈಗ್ಲೇ ಹೇಳ್ಬಿಡಲಿ." ಮೂರನೆಯವನಿಗೆ ಭಾವ ಕ್ಯಾರಿಬೂ ಜಿಂಕೆ ಹೊಡೆದು ಮಾಂಸ ಬಚ್ಚಿಟ್ಟಿದ್ದಾನೆಂಬ ಗುಮಾನಿ. "ಅವನು ಬಂದೂಕು ತಗೊಂಡು ಹೋಗಿದ್ರೆ ತಾನೆ" ಎಂದು ನಾಲ್ಕನೆಯವನು ಅದನ್ನು ತಳ್ಳಿಹಾಕಿದ. ಕೊನೆಯ ಕರೆ ಪನ್ನಿಪಾಕ್ ಅಜ್ಜಿಯದು. ತೀರಿಕೊಂಡ ಅವಳ ಅಣ್ಣನ ಹೆಸರನ್ನು ನನಗಿಟ್ಟಿರುವುದರಿಂದ ಅವಳು ನನ್ನನ್ನು ಅಣ್ಣ ಎನ್ನುತ್ತಾಳೆ. ಆದರೆ ಅಣ್ಣನ ಮಾತು ಕೇಳುತ್ತಾಳೆಂದು ಅರ್ಥವಲ್ಲ.

"ಅಣ್ಣಾ, ಈಗ ಮಾತಾಡಿದ್ದು ಯಾರು?"

"ನಿನ್ನ ಮಗ."

"ಹೌದಾ? ಯಾವುದೋ ಕಚೇರಿ ಅಂದ್ಕೊಂಡೆ," ಎಂದು ಇಟ್ಟುಬಿಟ್ಟಳು.

ಮಾರನೆಯ ದಿನ ಬೆಳಿಗ್ಗೆ ಕುಬ್ಲು ನೀರಿನ ಟ್ರಕ್ಕು ತಂದ. ಮನೆಯ ಟ್ಯಾಂಕಿಗೆ ನೀರನ್ನು ಹೊರಗಿನ ಪೈಪಿನಿಂದ ತುಂಬುತ್ತಾರೆ, ಒಳಗೆ ಹೋಗುವ ಅಗತ್ಯವೇ ಇಲ್ಲ. ಆದರೂ ಯಾರೇ ಆಗಲಿ ಎಂದು ರೇಡಿಯೋದಲ್ಲಿ ಹೇಳಿದ್ದರಿಂದ ಕುಬ್ಲು ಹೋಗಿ ತಟ್ಟಿದ. ಭಾವ ಕೆಲಸಕ್ಕೆ ಹೋಗಿದ್ದ. ಒಳಗೆ ಅಕ್ಕ ಟಿವಿ ಆರಿಸಿ, ಮಕ್ಕಳನ್ನು ಬಚ್ಚಲಿಗೆ ನೂಕಿ, ತಾನೂ ಸೇರಿ ಚಿಲಕ ಹಾಕಿದಳು. ಕುಬ್ಲು ಕಾದ. ಯಾರೂ ‘ಬನ್ನಿ’ ಎನ್ನಲಿಲ್ಲ. ಅವನು ನಿಯಮ ಮುರಿಯುವವನಲ್ಲ. ನೀರು ತುಂಬದೆ ಮುಂದಿನ ಮನೆಗೆ ಹೋದ. ಮರುದಿನವೂ ಹಾಗೇ ಆಯಿತು. ಹೊಸ ಮನೆಯ ನಲ್ಲಿಗಳು ಕೆಮ್ಮಿ ನಿಂತವು.

"ನಿನ್ನ ಕೊಳಚೆ ಟ್ಯಾಂಕು ನೀನೇ ಖಾಲಿ ಮಾಡ್ಕೊಂಡೆ," ಎಂದಳು ಅಕ್ಕ, "ಈಗ ನೀರಿಂದೂ ಖಾಲಿ. ಎರಡೂ ಖಾಲಿ ಇರೋ ಮನೆ ಊರಲ್ಲಿ ನಮ್ದೊಂದೇ."

"ತಟ್ಟಿದ್ರೆ ಬನ್ನಿ ಅನ್ಬೇಕು ಕಣೇ. ಅಡಗ್ಕೊಳ್ಳೋದಲ್ಲ."

"ಗೊತ್ತು. ಆದ್ರೆ ಕಾಲು ತಾನಾಗೇ ಬಚ್ಚಲಿಗೆ ಹೋಗುತ್ತೆ."

ಭಾವ ತರಬೇತಿ ಶುರುಮಾಡಿದ. ಮಕ್ಕಳನ್ನು ಮುಂಗೋಣೆಯಲ್ಲಿ ನಿಲ್ಲಿಸಿ ತಟ್ಟಿಸುತ್ತಿದ್ದ, ಒಳಗಿನಿಂದ ‘ಯಾರು?’ ಎನ್ನುತ್ತಿದ್ದ, ಅವು ‘ನಾನು’ ಎನ್ನುತ್ತಿದ್ದವು. ‘ನಾನು ಅಂದ್ರೆ?’ ಎಂದರೆ ಅವಕ್ಕೆ ಅಳು ಬರುತ್ತಿತ್ತು, ತಂದೆಗೆ ತಮ್ಮ ಹೆಸರು ಮರೆತುಹೋಯಿತೆಂದು. ಅದೇ ವಾರ ನರ್ಸಮ್ಮ ಕೆಮ್ಮಿನ ಸುದ್ದಿ ಕೇಳಿ ಮುಖಗವಸುಗಳ ಪೆಟ್ಟಿಗೆಯೊಂದಿಗೆ ಬಂದು ತಟ್ಟಿದಳು. ತರಬೇತಿಯಾದ ಮಕ್ಕಳು ಈ ಸಲ ಶಿಸ್ತಾಗಿ, ಸಾಲಾಗಿ ಬಚ್ಚಲಿಗೆ ಹೋದವು. ನರ್ಸಮ್ಮ ಪೆಟ್ಟಿಗೆಯನ್ನು ಬಾಗಿಲಲ್ಲಿಟ್ಟು ಹೋದದ್ದರಿಂದ ಊರಿಗೆ ಕೆಮ್ಮು ಖಾತ್ರಿಯಾಯಿತು.

ಇಷ್ಟರ ಮಧ್ಯೆ ಸಂತೋಷಪಟ್ಟವರು ಒಬ್ಬರೇ, ಡೆಸ್ಮಂಡ್. ರೇಡಿಯೋ ಕೋಣೆಗೆ ಬಂದು, ತಟ್ಟಿ, ನಾನು ಬನ್ನಿ ಎನ್ನುವ ತನಕ ಕಾದು ಒಳಗೆ ಬಂದರು. ಅವರ ಕನ್ನಡಕ ಮಂಜುಗಟ್ಟಿತ್ತು.

"ನಿಮ್ಮ ಭಾವನಿಗೆ ನನ್ನ ಅಭಿನಂದನೆ ತಿಳಿಸಿ," ಎಂದರು. "ಕೊನೆಗೂ ಒಬ್ಬರಿಗೆ ಅರ್ಥವಾಯಿತು. ನಿನ್ನೆ ಸ್ನಾನ ಮಾಡಿ ಹೊರಗೆ ಬಂದರೆ ನನ್ನ ಅಡುಗೆಮನೆಯಲ್ಲಿ ಇಬ್ಬರು ಅಜ್ಜಂದಿರು ಚಹಾ ಕುಡೀತಿದ್ದರು. ನನಗೂ ಒಂದು ಲೋಟ ಕೊಟ್ಟರು."

"ಒಳ್ಳೆಯದೇ ಆಯ್ತಲ್ಲ."

"ನಾನು ಟವೆಲ್ಲಿನಲ್ಲಿದ್ದೆ."

ಅಭಿನಂದನೆ ಕೇಳಿ ಭಾವ ಇನ್ನಷ್ಟು ಬಿಗಿದುಕೊಂಡ. ಅಷ್ಟರಲ್ಲಿ ನಿಜವಾದ ತೊಡಕು ಅವನ ಮುಂಗೋಣೆಗೆ ಬಂದು ಕೂತಿತ್ತು.

ಪನ್ನಿಪಾಕ್ ಅಜ್ಜಿ ಸಾಮಾನು ಕಟ್ಟಲಿಲ್ಲ. ಆದರೆ ಮೊಮ್ಮಕ್ಕಳನ್ನು ನೋಡದೆ ಇರಲೂ ಆಗಲಿಲ್ಲ. ಅವಳು ಚೆನ್ನಾಗಿ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಮನೆಗೆ ಎರಡು ಬಾಗಿಲು. ಗಂಟೆಯಿರುವುದು ಒಳಗಿನದಕ್ಕೆ. ಹೊರಗಿನದಕ್ಕೆ ಏನೂ ಇಲ್ಲ. ಹಾಗಾಗಿ ಮುಂಗೋಣೆ ಕಾನೂನಿನ ಆಚೆಗಿದೆ. ದಿನವೂ ಬೆಳಿಗ್ಗೆ ಬಂದು, ಹೊರಬಾಗಿಲು ತಳ್ಳಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಅರ್ಧಚಂದ್ರದ ಕತ್ತಿಯಿಂದ ಹೆಪ್ಪುಗಟ್ಟಿದ ಮಾಂಸ ಹೆರೆದು ತಿನ್ನುತ್ತಿದ್ದಳು. ಮಕ್ಕಳು ಹೊರಗೆ ಬಂದು ಅವಳ ಪಕ್ಕ ಕೂರುತ್ತಿದ್ದವು. ಅಕ್ಕ ಚಹಾ ತಂದು ಕೊಡುತ್ತಿದ್ದಳು. ಇದನ್ನು ನೋಡಿ ಅಕುಮಲಿಕ್ ಬಂದ, ಕುಬ್ಲು ಬಂದ, ಕೆಮ್ಮಿನ ವಿಷಯ ಎತ್ತಿದ್ದ ಹೆಂಗಸೂ ಬಂದಳು. ವಾರದೊಳಗೆ ಜೇಪೂಟಿಯ ಮುಂಗೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಪಾರ್ಕಾ ತೊಟ್ಟು, ಬಾಯಿಂದ ಹಬೆ ಬಿಡುತ್ತಾ, ನಗುತ್ತಾ ಕೂತಿರುತ್ತಿದ್ದರು. ಒಳಗೆ ಬೆಚ್ಚಗಿನ ಪಡಸಾಲೆಯಲ್ಲಿ, ಪ್ಲಾಸ್ಟಿಕ್ಕು ತೆಗೆಯದ ಹೊಸ ಸೋಫಾದ ಮೇಲೆ, ತಟ್ಟುವ ಸದ್ದಿಗಾಗಿ ಕಾಯುತ್ತಾ ಮನೆಯ ಯಜಮಾನ ಒಬ್ಬನೇ ಕೂತಿರುತ್ತಿದ್ದ. ಹೊರಗೆ ಒಂದು ದೊಡ್ಡ ನಗೆ ಎದ್ದಾಗಲೆಲ್ಲ ಟಿವಿಯ ದನಿ ಏರಿಸುತ್ತಿದ್ದ.

ತಿಂಗಳು ಮುಗಿಯುತ್ತ ಬಂತು. ಒಂದು ದಿನ ಭಾವ ತಾನೇ ಬಾಗಿಲು ತೆಗೆದು ನಿಂತ.

"ಅಮ್ಮಾ, ಒಳಗೆ ಬಾ."

"ಯಾಕೆ? ನಾನು ತಟ್ಲಿಲ್ವಲ್ಲ."

"ನೀನು ತಟ್ಟಬೇಕಾಗಿಲ್ಲ."

"ಯಾರೇ ಆಗಲಿ ಅಂದಿದ್ದು ನೀನೇ. ಆ ‘ಯಾರೇ ಆಗಲಿ’ಯಲ್ಲಿ ನಾನೂ ಸೇರ್ತೀನಾ, ಇಲ್ವಾ?"

ಭಾವ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ನಾನೇ ಬಾಗಿಲು ತೆಗೀತಿದೀನಲ್ಲಮ್ಮ, ಸಾಲ್ದಾ?"

"ಬಾಗಿಲು ತೆಗೆಸ್ಕೊಂಡು ಬರೋರು ನೆಂಟರು. ನೆಂಟರು ಊಟ ಮಾಡಿ ಹೊರಡ್ತಾರೆ. ಹೊರಡೋದಾದ್ರೆ ನನಗೆ ಲೀಟಿಯಾ ಮನೇಲಿ ಸೋಫಾ ಇದೆ. ನಾನು ಹುಟ್ಟಿದ್ದು ಹಿಮದ ಮನೇಲಿ. ಅದಕ್ಕೆ ತಟ್ಟೋಕೆ ಬಾಗಿಲೇ ಇರ್ಲಿಲ್ಲ."

"ಅದಕ್ಕೇ ಚಳಿ ಇತ್ತು," ಎಂದು ಅಕುಮಲಿಕ್ ಸೇರಿಸಿದ.

"ಮಾವ, ನೀನು ಸುಮ್ನಿರು. ಅಮ್ಮಾ, ನಿನಗೆ ಒಳಗೆ ಬೇರೆ ಕೋಣೆ ಇದೆ."

"ಅದಕ್ಕೂ ಬಾಗಿಲಿದೆಯಾ?"

"ಇದೆ."

"ನೋಡಿದ್ರಾ," ಎಂದಳು ಅಜ್ಜಿ ಉಳಿದವರಿಗೆ. "ಎರಡು ಕಡೆ ತಟ್ಟಬೇಕು."

ಮುಂಗೋಣೆ ನಕ್ಕಿತು. ನಗು ಮುಗಿದ ಮೇಲೆ ಅಜ್ಜಿ ಕತ್ತಿಯನ್ನು ತೊಡೆಗೆ ಒರೆಸಿಕೊಂಡು ಹೇಳಿದಳು: "ರೇಡಿಯೋದಲ್ಲಿ ಹೇಳಿದ್ದನ್ನ ರೇಡಿಯೋದಲ್ಲೇ ವಾಪಸ್ ತಗೋ. ಆವಾಗ ಬರ್ತೀನಿ."

"ಊರು ನಗುತ್ತಮ್ಮ."

"ಈಗೇನು ಅಳ್ತಿದೆಯಾ?"

ಭಾವ ಬಾಗಿಲು ಹಾಕಿಕೊಂಡ. ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಮನೆ ಹೋಗುತ್ತದೆಂದು. ಆದರೆ ಆ ವಂಶದಲ್ಲಿ ಮೊದಲು ಮಾತಾಡಿದವರು ಸೋತಂತೆ. ಇಬ್ಬರಿಗೂ ಅದೇ ಹಟಮಾರಿ ಗದ್ದ.

ಡೆಸ್ಮಂಡ್ ಮನೆ ನೋಡಲು ಬಂದದ್ದು ಸಾಮಾನಿನ ವಿಮಾನ ಇಳಿದ ದಿನ. ಮುಂಗೋಣೆಯ ಸಭೆಯೆಲ್ಲ ತಮ್ಮ ತಮ್ಮ ಸಾಮಾನು ಬಂತೇ ಎಂದು ನೋಡಲು ವಿಮಾನದ ಕಡೆ ಹೋಗಿತ್ತು. ಅಜ್ಜಿ ಮಾತ್ರ ಬಕೆಟ್ಟಿನ ಮೇಲೆ ಕೂತಿದ್ದಳು. ಡೆಸ್ಮಂಡ್ ಜೊತೆಗೆ ಮಾತು ದಾಟಿಸಲು ನಾನು. ಅವರು ಹೊರಬಾಗಿಲನ್ನು ತಟ್ಟಿ, ಅಜ್ಜಿ "ಊಂ" ಎಂದ ಮೇಲೆ ಒಳಗೆ ಬಂದು ಅವಳಿಗೆ ತಲೆಬಾಗಿಸಿದರು. ಅವಳು ಒಂದು ಚೂರು ಮಾಂಸ ಚಾಚಿದಳು. ಅವರು ಅದನ್ನು ತೆಗೆದುಕೊಂಡು, ಬಾಯಿಗಿಟ್ಟುಕೊಂಡು, ಕರಗುವುದನ್ನು ಕಾಯುತ್ತಾ ಒಳಬಾಗಿಲ ಗಂಟೆ ಒತ್ತಿದರು.

‘ಕ್ರಾ.’

ಆಮೇಲೆ ಮೂರು ಸಲ ತಟ್ಟಿದರು, ಸರಕಾರ ತಟ್ಟುವ ಹಾಗೆ, ಸಮನಾಗಿ.

ಒಳಗೆ ಅಲ್ಲಿಯವರೆಗೆ ಟಿವಿಯ ಹಾಕಿ ಆಟದ ಕೂಗು ಕೇಳಿಸುತ್ತಿತ್ತು. ಅದು ನಿಂತಿತು. ಯಾರೋ ಓಡಿದರು, ಬಚ್ಚಲ ಚಿಲಕ ಬಿತ್ತು. ಕಿಟಕಿಗೆ ಕಂಬಳಿ ಎಳೆದ ಸದ್ದಾಯಿತು. ಸೋಫಾದ ಪ್ಲಾಸ್ಟಿಕ್ಕು ಒಮ್ಮೆ ಜೋರಾಗಿ ಚರಚರ ಎಂದು ಸುಮ್ಮನಾಯಿತು. ಹೊಸ ಮನೆಯಲ್ಲಿ, ಯಜಮಾನ ಒಳಗಿರುವಾಗಲೇ, ಮೊದಲ ಸಲ ಒಬ್ಬ ಮನುಷ್ಯ ಜೇಪೂಟಿಯ ಬಾಗಿಲನ್ನು ಅವನು ಬಯಸಿದ ಹಾಗೇ ತಟ್ಟಿ, ಅವನು ಬಯಸಿದ ಹಾಗೇ ಕಾಯುತ್ತಾ ನಿಂತಿದ್ದ. ಜೇಪೂಟಿ ಮನೆಯಲ್ಲಿ ಇಲ್ಲದವನಾಗಿದ್ದ.

ಡೆಸ್ಮಂಡ್ ಇನ್ನೊಮ್ಮೆ ತಟ್ಟಿದರು. ಒಳಗಿನ ಮೌನ ಇನ್ನಷ್ಟು ಗಟ್ಟಿಯಾಯಿತು.

"ಬಾಗಿಲು ತೆಗೆಯಲಿಲ್ಲ ಎಂದರೆ ಕಚೇರಿಯ ಲೆಕ್ಕದಲ್ಲಿ ಯಾರೂ ಇಲ್ಲ," ಎಂದರು. ಬೇಸರ ನಿಜವಾದದ್ದೇ. "ತಾಯಿ ಹೊರಗೆ ಕೂತಿದ್ದಾರೆ, ಒಳಗೆ ಯಾರೂ ಇಲ್ಲ. ಇವರು ಇಲ್ಲಿ ವಾಸವಿಲ್ಲ ಎಂದಾಯಿತು. ಈ ಮನೆ ಮುಂದಿನವರಿಗೆ ಕೊಡಬೇಕಾಗುತ್ತದೆ. ದಯವಿಟ್ಟು ಅವರಿಗೆ ಹೇಳಿ."

ಹೇಳಿದೆ. ಅಜ್ಜಿ ಹೆರೆಯುವುದನ್ನು ನಿಲ್ಲಿಸಿದಳು.

"ಮುಂದಿನವರು ಅಂದ್ರೆ ಯಾರು, ಅಣ್ಣ?"

"ಅಕುಮಲಿಕ್‌ನ ಮೊಮ್ಮಗ, ಅವನ ಹೆಂಡತಿ."

"ಆ ಹುಡುಗಿ ಪಾತ್ರೆ ತೊಳೆಯಲ್ಲ."

ಅಜ್ಜಿ ಕೂತಲ್ಲೇ ಸ್ವಲ್ಪ ಹೊತ್ತು ಒಳಬಾಗಿಲನ್ನು ನೋಡಿದಳು. ಬಚ್ಚಲ ಕಡೆಯಿಂದ ಒಂದು ಮಗು ಸೀನಿತು, ಯಾರೋ ಅದರ ಮೂಗು ಹಿಡಿದರು. ಅವಳು ಕತ್ತಿಯನ್ನು ಜೇಬಿಗಿಟ್ಟು, ಮಾಂಸವನ್ನು ಕಂಕುಳಲ್ಲಿ ಹಿಡಿದು, ಮಂಡಿಗೆ ಕೈಕೊಟ್ಟು ಎದ್ದಳು.

"ಒಳಗೆ ಸೆಕೆ ಜಾಸ್ತಿ, ಅದಕ್ಕೆ ಹೊರಗೆ ಕೂತಿದ್ದೆ ಅನ್ನು. ಮನೆ ಹೊಸದು, ಇನ್ನೂ ಅಭ್ಯಾಸ ಆಗಿಲ್ಲ."

ನಾನು ದಾಟಿಸುವಷ್ಟರಲ್ಲಿ ಅವಳು ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಹೋಗಿಯಾಗಿತ್ತು. ತಟ್ಟಲಿಲ್ಲ, ಒತ್ತಲಿಲ್ಲ, ಗಂಟೆಯ ಕಡೆ ನೋಡಲೂ ಇಲ್ಲ.

ಒಳಗೆ ಕತ್ತಲು. ಒಲೆಯ ಮೇಲೆ ಸೂಪು ಕುದಿಯುತ್ತಿತ್ತು. ಟಿವಿಯ ಪರದೆ ಇನ್ನೂ ಬೆಚ್ಚಗಿತ್ತು. ಸೋಫಾದ ಹಿಂದಿನಿಂದ ಬೂದು ಕಾಲುಚೀಲ ತೊಟ್ಟ ಎರಡು ಪಾದಗಳು ಹೊರಗೆ ಚಾಚಿದ್ದವು; ಒಂದರಲ್ಲಿ ಹೆಬ್ಬೆರಳು ಕಾಣುತ್ತಿತ್ತು. ಅಜ್ಜಿ ಮಾಂಸವನ್ನು ಮೇಜಿನ ಮೇಲಿಟ್ಟು, ಬೂಟು ಬಿಚ್ಚಿ, ಕೆಟಲ್ ಮುಟ್ಟಿ ನೋಡಿ, ಸೋಫಾದ ಮೇಲೆ ಕೂತಳು. ಪ್ಲಾಸ್ಟಿಕ್ಕು ಚರಗುಟ್ಟಿತು.

"ಜೇಪೂಟಿ," ಎಂದಳು, ತಿರುಗಿ ನೋಡದೆ, "ನನ್ನ ಕೋಣೆ ಯಾವುದು?"

ಕಾಣುತ್ತಿದ್ದ ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತು. ಆಮೇಲೆ ಸೋಫಾದ ಹಿಂದಿನಿಂದ ಸಣ್ಣ ದನಿ ಬಂತು: "ಬಲಗಡೆ ಎರಡನೇದು, ಅಮ್ಮ."

ಡೆಸ್ಮಂಡ್ ಕನ್ನಡಕ ಒರೆಸಿಕೊಂಡು ಪಾದಗಳನ್ನು ನೋಡಿದರು. "ಏನು ಕೇಳಿದರು?"

"ತನ್ನ ಕೋಣೆಯ ದೀಪ ಯಾಕೆ ಆರಿಸಿದ್ದೀರಿ ಅಂತ," ಎಂದೆ.

"ಅದು ಮನೆಯ ಯಜಮಾನರಲ್ಲವೇ? ಅಲ್ಲಿ ಏನು ಮಾಡುತ್ತಿದ್ದಾರೆ?"

ಅಜ್ಜಿಯನ್ನು ಕೇಳಿದೆ. "ಬುದ್ಧಿ ಹುಡುಕ್ತಿದಾನೆ ಅನ್ನು," ಎಂದಳು.

"ಇನ್ನೊಂದು ಕಾಲುಚೀಲ ಹುಡುಕುತ್ತಿದ್ದಾರೆ," ಎಂದು ದಾಟಿಸಿದೆ.

"ಎರಡೂ ಹಾಕಿಕೊಂಡಿದ್ದಾರಲ್ಲ."

"ಅದು ಅವರಿಗಿನ್ನೂ ಗೊತ್ತಾಗಿಲ್ಲ."

ಬಚ್ಚಲಿನಿಂದ ಅಕ್ಕ ಮಕ್ಕಳ ಸಮೇತ ಹೊರಗೆ ಬಂದು, ಏನೂ ಆಗದವಳಂತೆ ಸೂಪು ಬಡಿಸಿದಳು. ಭಾವ ಎದ್ದು ಬಂದು, ಮೈಮೇಲಿನ ಧೂಳು ಕೊಡವಿಕೊಂಡು, ತಡವಾಗಿಯಾದರೂ "ಬನ್ನಿ" ಎಂದ. ಡೆಸ್ಮಂಡ್ ಆಗಲೇ ಎರಡನೆಯ ಬಟ್ಟಲು ಸೂಪು ಕುಡಿಯುತ್ತಿದ್ದರು. ಮನೆ ಇವರದೇ ಎಂದು ಹೇಳಿ ಹೋದರು. ಅಂದು ಸಂಜೆಯೇ ಅಜ್ಜಿಯ ಹಾಸಿಗೆ, ಕೆಟಲ್, ಹೊಲಿಗೆಯ ಪೆಟ್ಟಿಗೆ ಎಲ್ಲ ಲೀಟಿಯಾಳ ಮನೆಯಿಂದ ಸ್ನೋಮೊಬೈಲಿನ ಹಿಂದೆ ಬಂದವು. ಆದ್ದರಿಂದ ನಾನು ದಾಟಿಸಿದ್ದರಲ್ಲಿ ಸುಳ್ಳೇನಿರಲಿಲ್ಲ, ಸ್ವಲ್ಪ ಬೇಗ ಹೇಳಿದ್ದೆ ಅಷ್ಟೇ.

ಮರುದಿನ ಮಧ್ಯಾಹ್ನ ಭಾವ ಮತ್ತೆ ಮೈಕು ಕೇಳಿದ. ಊರು ಕಿವಿ ಅಂಟಿಸಿ ಕೂತಿತ್ತು.

"ನಾನು ಜೇಪೂಟಿ. ಒಂದು ಗಂಟೆ ಇದೆ, ಹೆಚ್ಚು ಬಳಸಿಲ್ಲ. ಬೇಕಾದವರು ಬಂದು ತಗೊಂಡು ಹೋಗಿ." ಸ್ವಲ್ಪ ತಡೆದು, "ಸುಮ್ನೆ ಬನ್ನಿ," ಎಂದ.

ಗಂಟೆಯನ್ನು ಡೆಸ್ಮಂಡ್ ತೆಗೆದುಕೊಂಡು ಹೋಗಿ ತಮ್ಮ ಬಾಗಿಲಿಗೆ ಹಾಕಿಸಿ, ಬ್ಯಾಟರಿ ಒಳಗಡೆ ಬರುವಂತೆ ಮಾಡಿಸಿದರು. ಈಗ ಹಕ್ಕಿ ಚೆನ್ನಾಗಿ ಕೂಗುತ್ತದೆ. ಊರಿನ ಮಕ್ಕಳೆಲ್ಲ ಮನಸಾರೆ ಒತ್ತಿ, ಪೂರ್ತಿ ಕೇಳಿ, ಒಳಗೆ ನುಗ್ಗಿ ಬಿಸ್ಕತ್ತು ತಿನ್ನುತ್ತಾರೆ.

ಭಾವನಿಗೆ ಆ ಆಸೆ ಪೂರ್ತಿ ಹೋಗಿಲ್ಲ. ಮೊನ್ನೆ ನಾನು ಅಲ್ಲಿಗೆ ಹೋದಾಗ ಅವನು ತಾಯಿಗೆ ಚಹಾ ಹಿಡಿದು, ಬಲಗಡೆಯ ಎರಡನೆಯ ಬಾಗಿಲ ಮುಂದೆ ನಿಂತಿದ್ದ. ಒಳಗೆ ರೇಡಿಯೋ ಹಾಡುತ್ತಿತ್ತು. ಒಂದು ಕ್ಷಣ ಯೋಚಿಸಿ, ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಎರಡು ಸಲ ತಟ್ಟಿದ.

ಒಳಗೆ ರೇಡಿಯೋ ನಿಂತಿತು. ಬಾಗಿಲ ಕೆಳಗಿನ ಸಂದಿಯಲ್ಲಿ ದೀಪ ಆರಿತು.

"ಅಮ್ಮಾ," ಎಂದ ಭಾವ, "ನಾನು."

ಯಾರೂ ಮನೆಯಲ್ಲಿರಲಿಲ್ಲ. ಭಾವ ಅಲ್ಲೇ ಗೋಡೆಗೊರಗಿ, ಆ ಚಹಾ ತಾನೇ ಕುಡಿದ.